ಮೊದಲು ಅಳತೆ, ಆಮೇಲೆ ಚಿತ್ರ: ಗುಡಿ ಗುಮ್ಮಟಗಳ ಡಿಜಿಟಲ್ ದಾಖಲಾತಿ

(ಬಾಗಲಕೋಟೆಯಲ್ಲಿ ಆರ್ಕಿಟೆಕ್ಚರ್, ಸಿವಿಲ್ ಮತ್ತು ಇತಿಹಾಸದ ವಿದ್ಯಾರ್ಥಿಗಳು, ಪ್ರವಾಸಿ ಮಾರ್ಗದರ್ಶಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದೆ.)

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನೀರು ನುಗ್ಗಿದ್ದು ಇಲ್ಲಿ ಕೂತಿರುವ ಬಹುತೇಕರಿಗೆ ನೆನಪಿದೆ. ನೀರು ಇಳಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ನೇರವಾದವು. ಗುಡಿಯ ಬುಡದ ಪೀಠವಾದ ಅಧಿಷ್ಠಾನದ ಯಾವ ಕಲ್ಲು ಕುಸಿದಿದೆ? ಯಾವ ಸಂದು ಎಷ್ಟು ಬಾಯಿ ಬಿಟ್ಟಿದೆ? ಕಾಣುತ್ತಿರುವ ಬಿರುಕು ಈ ಪ್ರವಾಹದ್ದೋ, ನೂರು ವರ್ಷದ ಹಿಂದಿನದೋ? ಪ್ರವಾಹಕ್ಕೆ ಮುಂಚಿನ ಅಳತೆ ಕೈಯಲ್ಲಿದ್ದರೆ ಮಾತ್ರ ಇವುಗಳಿಗೆ ಉತ್ತರ ಹೇಳಬಹುದು. ಪ್ರವಾಸಿಗರು ತೆಗೆದ ಲಕ್ಷಾಂತರ ಫೋಟೋಗಳಿವೆ. ಆದರೆ ಅವುಗಳಲ್ಲಿ ಬಹುಪಾಲಿನವುಗಳಲ್ಲಿ ಅಳತೆ ಇಲ್ಲ, ತೆಗೆದ ದಿನಾಂಕ ಖಚಿತವಿಲ್ಲ, ಗುಡಿಯ ಹಿಂಭಾಗವಂತೂ ಇಲ್ಲವೇ ಇಲ್ಲ.

ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವ ಮೂರು ಆಯಾಮದ ಮಾದರಿಯನ್ನೇ ದಾಖಲೆ ಎಂದುಕೊಂಡಿದ್ದೇವೆ. ಅಸಲು ದಾಖಲೆ ಎಂದರೆ ಸ್ಥಳದಲ್ಲಿ ತೆಗೆದ ಮೂಲ ಫೋಟೋಗಳು, ಸ್ಕ್ಯಾನುಗಳು, ಅವುಗಳನ್ನು ನೆಲಕ್ಕೆ ಕಟ್ಟಿಹಾಕುವ ಅಳತೆಗಳು ಮತ್ತು ಇವನ್ನೆಲ್ಲ ಹೇಗೆ ಮಾಡಿದೆವು ಎಂಬ ಬರಹ. ಇವು ಸರಿಯಾಗಿದ್ದರೆ ಹತ್ತು ವರ್ಷದ ಮೇಲೆ ಹೊಸ ಸಾಫ್ಟ್‌ವೇರ್ ಬಂದಾಗ ಇನ್ನೂ ಚೆನ್ನಾದ ಮಾದರಿ ಮಾಡಿಕೊಳ್ಳಬಹುದು. ಇವು ಕೆಟ್ಟಿದ್ದರೆ ಮಾದರಿ ಎಷ್ಟು ಚಂದ ಇದ್ದರೂ ದುರಸ್ತಿಗೆ, ಸಂಶೋಧನೆಗೆ ಅದು ಬರುವುದಿಲ್ಲ. ಆದ್ದರಿಂದ ದುಡ್ಡು, ಸಮಯ, ಜನ ಎಲ್ಲವೂ ಮೊದಲು ಸ್ಥಳದ ಕೆಲಸಕ್ಕೆ ಸಲ್ಲಬೇಕು.

ಹಳೆಯ ಕಾಲದವರು ಇದನ್ನು ಚೆನ್ನಾಗಿ ಅರಿತಿದ್ದರು. ಪುರಾತತ್ವ ಇಲಾಖೆಯಲ್ಲಿದ್ದ ಹೆನ್ರಿ ಕಸೆನ್ಸ್ 1916ರಲ್ಲಿ ಪ್ರಕಟಿಸಿದ ಬಿಜಾಪುರದ (ಇಂದಿನ ವಿಜಯಪುರ) ಅಳತೆ ಚಿತ್ರಗಳನ್ನು ಇಂದಿಗೂ ವಾಸ್ತುಶಿಲ್ಪಿಗಳು ತೆರೆದು ನೋಡುತ್ತಾರೆ. ಟೇಪು, ತೂಗುಗುಂಡು, ಕಾಗದ ಇಟ್ಟುಕೊಂಡು ಮಾಡಿದ ಕೆಲಸ ಅದು. ಚಿತ್ರದ ಮೇಲೆ ಸ್ಕೇಲು ಇದೆ, ಯಾವ ಕಟ್ಟಡದ ಯಾವ ಭಾಗ ಎಂಬುದು ಸ್ಪಷ್ಟ. ಇಂದು ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಮೂರು ಆಯಾಮದ ಮಾದರಿಗಳಲ್ಲಿ ಈ ಎರಡೂ ಇರುವುದಿಲ್ಲ.

ಎಷ್ಟು ಸೂಕ್ಷ್ಮ ಬೇಕು?

ಕ್ಯಾಮೆರಾ ಕೈಗೆತ್ತಿಕೊಳ್ಳುವ ಮುಂಚೆ ಇತ್ಯರ್ಥವಾಗಬೇಕಾದ ಮಾತು ಇದು. ಕಾಗದದ ಮೇಲೆ ಎಳೆಯುವ ಸಣ್ಣ ಗೆರೆಯ ದಪ್ಪ ಸುಮಾರು 0.2 ಮಿಲಿಮೀಟರ್. 1:50 ಸ್ಕೇಲಿನ ನಕ್ಷೆಯಲ್ಲಿ ಆ ಗೆರೆ ಸ್ಥಳದಲ್ಲಿ 10 ಮಿ.ಮೀ. ಆಗುತ್ತದೆ. ಅಂದರೆ ಗುಡಿಯ ತಲವಿನ್ಯಾಸಕ್ಕೆ (ನೆಲನಕ್ಷೆ), ಅಡ್ಡಕೊಯ್ತಕ್ಕೆ (ಗುಡಿಯನ್ನು ಸೀಳಿದಂತೆ ತೋರಿಸುವ ಚಿತ್ರ) 10 ಮಿ.ಮೀ. ನಿಖರತೆ ಸಾಕು. ದೇವಕೋಷ್ಠದೊಳಗಿನ (ಗೋಡೆಯ ಗೂಡಿನೊಳಗಿನ) ಮೂರ್ತಿಯನ್ನು 1:10ರಲ್ಲಿ ಬಿಡಿಸಬೇಕಿದ್ದರೆ 2 ಮಿ.ಮೀ. ಬೇಕು. ಶಾಸನದ ಅಕ್ಷರಕ್ಕೆ ಮಿಲಿಮೀಟರಿನ ಒಳಗೇ ಹೋಗಬೇಕು. ಎಲ್ಲವನ್ನೂ ಅತ್ಯಂತ ಸೂಕ್ಷ್ಮವಾಗಿ ತೆಗೆಯುತ್ತೇವೆ ಎಂದು ಹೊರಟವರು ಮೂರನೇ ದಿನಕ್ಕೆ ಹಾರ್ಡ್ ಡಿಸ್ಕ್ ತುಂಬಿಸಿಕೊಂಡು, ಗುಡಿಯ ಉತ್ತರದ ಗೋಡೆಯನ್ನು ಬಿಟ್ಟು ವಾಪಸಾಗುತ್ತಾರೆ.

ಫೋಟೋದಿಂದ ಅಳತೆ ತೆಗೆಯುವ ವಿಧಾನಕ್ಕೆ ಫೋಟೋಗ್ರಾಮೆಟ್ರಿ ಎನ್ನುತ್ತೇವೆ. ಅದರಲ್ಲಿ ಒಂದು ಪಿಕ್ಸೆಲ್ ಗೋಡೆಯ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಸೆನ್ಸರಿನ ಪಿಕ್ಸೆಲ್ ಗಾತ್ರವನ್ನು ಗೋಡೆಗಿರುವ ದೂರದಿಂದ ಗುಣಿಸಿ, ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಆಯಿತು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ ಇದೆ ಎನ್ನಿ. ಅದರ ಪಿಕ್ಸೆಲ್ 0.006 ಮಿ.ಮೀ. 35 ಮಿ.ಮೀ. ಲೆನ್ಸ್ ಹಾಕಿ 5 ಮೀಟರ್ ದೂರದಲ್ಲಿ ನಿಂತರೆ ಒಂದು ಪಿಕ್ಸೆಲ್ ಗೋಡೆಯ ಮೇಲೆ ಸುಮಾರು 0.86 ಮಿ.ಮೀ. ಒಂದು ಫೋಟೋದಲ್ಲಿ ಸುಮಾರು 5.1 ಮೀಟರ್ ಅಗಲ, 3.4 ಮೀಟರ್ ಎತ್ತರ ಹಿಡಿಸುತ್ತದೆ. ಪಕ್ಕದ ಫೋಟೋಗಳ ನಡುವೆ ನೂರಕ್ಕೆ 80 ಭಾಗ ಒಂದರ ಮೇಲೊಂದು ಬರಬೇಕು, ಹಾಗಾಗಿ ಪ್ರತಿ 1 ಮೀಟರಿಗೆ ಒಂದು ಫೋಟೋ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 60 ಭಾಗ ಬೇಕೆಂದರೆ ಸಾಲುಗಳ ನಡುವೆ 1.3 ಮೀಟರ್. 20 ಮೀಟರ್ ಉದ್ದ, 6 ಮೀಟರ್ ಎತ್ತರದ ಗೋಡೆಗೆ ನೇರವಾಗಿ ತೆಗೆದವು 60, ಎಡಕ್ಕೆ ಬಲಕ್ಕೆ ಓರೆಯಾಗಿ ತೆಗೆದವು ಇನ್ನೊಂದು 60ರಿಂದ 80. ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಗುಡಿಗೆ ಹೋಗಬೇಕು.

ಓರೆ ಫೋಟೋ ಏಕೆ? ಎಲ್ಲ ಫೋಟೋಗಳನ್ನೂ ಗೋಡೆಗೆ ನೇರವಾಗಿ, ಒಂದೇ ದೂರದಿಂದ ತೆಗೆದರೆ ಸಾಫ್ಟ್‌ವೇರ್ ಲೆನ್ಸಿನ ವಕ್ರತೆಯನ್ನು ಸರಿಯಾಗಿ ಅಂದಾಜು ಮಾಡಲಾಗದೆ ಆ ತಪ್ಪನ್ನು ಗೋಡೆಯ ಮೇಲೆ ಹೇರುತ್ತದೆ. ನೆಟ್ಟಗಿರುವ ಗೋಡೆ ಮಾದರಿಯಲ್ಲಿ ಬಟ್ಟಲಿನಂತೆ ಬಾಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ಅಳೆದಾಗಲೇ ಸಿಕ್ಕಿಬೀಳುತ್ತದೆ. ಗೋಡೆ ಹೊಟ್ಟೆ ಬಂದಿದೆ ಎಂದು ವರದಿ ಬರೆದು, ಇಲ್ಲದ ರೋಗಕ್ಕೆ ಮದ್ದು ಮಾಡುವ ಅಪಾಯ ಇಲ್ಲಿದೆ.

ನೆಲಕ್ಕೆ ಕಟ್ಟಿಹಾಕುವುದು

ಫೋಟೋಗಳಿಂದ ಬರುವ ಆಕಾರಕ್ಕೆ ಗಾತ್ರ ಇರುವುದಿಲ್ಲ. ದೊಡ್ಡ ಗುಡಿಯೂ ಸಣ್ಣ ಆಟಿಕೆಯೂ ಸಾಫ್ಟ್‌ವೇರಿಗೆ ಒಂದೇ. ಗಾತ್ರ, ದಿಕ್ಕು, ಮಟ್ಟ ಇವನ್ನು ನಾವೇ ಕೊಡಬೇಕು. ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಎಂಬ ಸಾಧನ ಸಿಕ್ಕರೆ ಗುಡಿಯ ಸುತ್ತ ನಾಲ್ಕೈದು ನಿಲ್ದಾಣ ಮಾಡಿ, ಹೊರಟ ಜಾಗಕ್ಕೇ ಬಂದು ಮುಟ್ಟುವ ಟ್ರಾವರ್ಸ್ (ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುತ್ತ ಹೋಗುವ ಸರಪಳಿ) ಹಾಕಿ. ಸುತ್ತು ಮುಗಿದಾಗ ಉಳಿಯುವ ವ್ಯತ್ಯಾಸ ಕೆಲವೇ ಮಿಲಿಮೀಟರ್ ಇರಬೇಕು. ಸೆಂಟಿಮೀಟರಿಗೆ ಹೋದರೆ ಅಂದೇ ಮತ್ತೆ ಅಳೆಯಿರಿ, ಊರಿಗೆ ಬಂದು ಹೊಂದಿಸೋಣ ಎಂದುಕೊಳ್ಳಬೇಡಿ. ಮಧ್ಯಮ ಗಾತ್ರದ ಗುಡಿಗೆ 12ರಿಂದ 16 ಟಾರ್ಗೆಟ್ (ಸ್ಥಾನ ಅಳೆದ ಗುರುತು) ಸಾಕು, ಆದರೆ ಅವು ಕೆಳಗೂ ಮೇಲೂ, ನಾಲ್ಕೂ ಮೂಲೆಗೂ ಹಂಚಿರಬೇಕು. ಅವುಗಳಲ್ಲಿ ಮೂರನೇ ಒಂದು ಭಾಗವನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದು ಬೇರೆ ಇಡಿ. ಸೇರಿಸಿದ ಬಿಂದುಗಳಲ್ಲಿ ತಪ್ಪು ಕಡಿಮೆ ಬರುವುದು ಸಹಜ, ಬೇರೆ ಇಟ್ಟ ಬಿಂದುಗಳಲ್ಲಿ ಎಷ್ಟು ಬಂತು ಎಂಬುದೇ ನಿಮ್ಮ ಕೆಲಸದ ನಿಜವಾದ ಗುಣಮಟ್ಟ.

ಟಾರ್ಗೆಟ್ ಅಂಟಿಸುವ ವಿಷಯದಲ್ಲಿ ಕೈ ಮುಗಿದು ಕೇಳುತ್ತೇವೆ: ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮರಳುಗಲ್ಲಿನ ಮೇಲೆ ಟೇಪು, ಗೋಂದು, ಬಣ್ಣ ಯಾವುದನ್ನೂ ಹಚ್ಚಬೇಡಿ. ಆ ಕಲ್ಲಿನ ಮೇಲ್ಮೈ ಎಷ್ಟೋ ಕಡೆ ಪದರ ಪದರವಾಗಿ ಏಳುತ್ತಿದೆ. ಟೇಪು ಕಿತ್ತಾಗ ಅದರ ಹಿಂದೆ ಕಲ್ಲಿನ ಪುಡಿ ಬರುತ್ತದೆ, ಕೆತ್ತನೆಯೂ ಬರುತ್ತದೆ. ಟಾರ್ಗೆಟ್ ಕಾಗದವನ್ನು ಸಣ್ಣ ಹಲಗೆಗೆ ಅಂಟಿಸಿ, ಹಲಗೆಯನ್ನು ನೆಲದ ಮೇಲೆ ಒರಗಿಸಿ ಅಥವಾ ಟ್ರೈಪಾಡಿಗೆ ಕಟ್ಟಿ. ಎತ್ತರದಲ್ಲಿ ಟಾರ್ಗೆಟ್ ಬೇಕಿದ್ದರೆ ಕಲ್ಲಿನಲ್ಲಿಯೇ ಇರುವ ಸ್ಪಷ್ಟ ಮೂಲೆಗಳನ್ನು ಆರಿಸಿ, ಅವುಗಳ ಹತ್ತಿರದ ಫೋಟೋ ತೆಗೆದು ಬಿಂದುವಿಗೆ ವೃತ್ತ ಹಾಕಿಡಿ. ಟೋಟಲ್ ಸ್ಟೇಷನ್ ಇಲ್ಲದಿದ್ದರೆ 1 ಮೀಟರಿನ ಎರಡು ಸ್ಕೇಲ್ ಪಟ್ಟಿ, ಮಟ್ಟಗೋಲು, ಲೇಸರ್ ದೂರಮಾಪಕ ಇವುಗಳಿಂದಲೂ ಒಂದು ಸಣ್ಣ ಗುಡಿಗೆ ಮರ್ಯಾದೆಯ ಅಳತೆ ತರಬಹುದು.

ಐಹೊಳೆಯ ದುರ್ಗ ಗುಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಜಪೃಷ್ಠಾಕಾರದ (ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿರುವ) ಗುಡಿ, ಸುತ್ತ ಕಂಬಗಳ ಸಾಲು, ಕಂಬಗಳ ಒಳಗೆ ಪ್ರದಕ್ಷಿಣಾ ಪಥ, ಅದರಾಚೆ ದೇವಕೋಷ್ಠಗಳಿರುವ ಗೋಡೆ. ಹಿಂಭಾಗದ ದುಂಡು ತಿರುವಿನಲ್ಲಿ ಕಂಬಗಳು ಒಂದರಂತೆ ಒಂದು ಕಾಣುತ್ತವೆ. ಸಾಫ್ಟ್‌ವೇರ್ ಒಂದು ಕಂಬವನ್ನು ಪಕ್ಕದ ಕಂಬ ಎಂದು ತಿಳಿದು ಫೋಟೋಗಳನ್ನು ಜೋಡಿಸಿಬಿಡುತ್ತದೆ. ಆಗ ಮಾದರಿಯಲ್ಲಿ ಒಂದು ಕಂಬ ಕಡಿಮೆಯಾಗುತ್ತದೆ, ಇಲ್ಲವೇ ತಿರುವು ಮುಗಿದು ಇನ್ನೊಂದು ಬದಿಗೆ ಬಂದಾಗ ಗೋಡೆ ಎರಡಾಗಿ ಕಾಣುತ್ತದೆ. ಪ್ರತಿ ಎರಡು ಕಂಬದ ನಡುವೆ ನೆಲದ ಮೇಲೆ ಬೇರೆ ಬೇರೆ ಸಂಖ್ಯೆಯ ಟಾರ್ಗೆಟ್ ಹಲಗೆ ಇಟ್ಟರೆ ಈ ಗೊಂದಲ ತಪ್ಪುತ್ತದೆ. ಎರಡನೆಯ ತೊಡಕು, ಹೊರಗಿನ ಫೋಟೋಗಳೂ ಪಥದೊಳಗಿನ ಫೋಟೋಗಳೂ ಒಂದಕ್ಕೊಂದು ಕೂಡುವುದಿಲ್ಲ. ಕಂಬಗಳ ನಡುವೆ ಹಾದುಹೋಗುವಾಗ 30 ಸೆಂಟಿಮೀಟರಿಗೊಂದರಂತೆ, ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತೆಗೆದ ಫೋಟೋಗಳು ಬೇಕು. ಇಂಥ ದಾಟುಗಳು ಕನಿಷ್ಠ ನಾಲ್ಕು ಕಡೆ ಇರಲಿ. ಒಂದೇ ಕಡೆ ದಾಟಿದರೆ ಇಡೀ ಒಳಭಾಗ ಒಂದು ತಿರುಗಣೆಯ ಮೇಲೆ ನಿಂತ ಬಾಗಿಲಿನ ಹಾಗೆ ಅತ್ತಿತ್ತ ವಾಲುತ್ತದೆ.

ಕ್ಯಾಮೆರಾ ಮತ್ತು ನಮ್ಮ ಬಿಸಿಲು

ವಾಲ್ಡ್‌ಹಾಯ್ಸ್ಲ್ ಮತ್ತು ಓಗಲ್‌ಬಿ 1994ರಲ್ಲಿ ಸರಳ ಫೋಟೋಗ್ರಾಮೆಟ್ರಿಗೆ 3×3 ನಿಯಮ ಎಂದು ಒಂದು ಪಟ್ಟಿ ಕೊಟ್ಟರು. ಅಳತೆಗೆ ಮೂರು ನಿಯಮ, ಛಾಯಾಗ್ರಹಣಕ್ಕೆ ಮೂರು, ವ್ಯವಸ್ಥೆಗೆ ಮೂರು. ಸಾಧನಗಳು ಬದಲಾಗಿವೆ, ನಿಯಮಗಳು ಹಳಸಿಲ್ಲ. ಲೆನ್ಸಿನ ಜೂಮ್ ಮತ್ತು ಫೋಕಸ್ ಕೆಲಸದ ಮಧ್ಯೆ ಕದಲಬಾರದು ಎಂಬುದು ಅದರ ತಿರುಳು. ಸಾಧ್ಯವಾದರೆ ಜೂಮ್ ಇಲ್ಲದ ಲೆನ್ಸನ್ನೇ ಬಳಸಿ. ಜೂಮ್ ಲೆನ್ಸೇ ಇದ್ದರೆ ಉಂಗುರವನ್ನು ಟೇಪಿನಿಂದ ಬಿಗಿಯಿರಿ. ಅಪರ್ಚರ್ ಎಫ್/8, ಐಎಸ್ಒ 100ರಿಂದ 400, ಸ್ಟೆಬಿಲೈಸೇಷನ್ ಬಂದ್, ರಾ ಫೈಲು (ಕ್ಯಾಮೆರಾ ಕುಗ್ಗಿಸದ ಮೂಲ ಕಡತ) ಕಡ್ಡಾಯ. ದಿನದ ಆರಂಭದಲ್ಲಿ, ಬೆಳಕು ಬದಲಾದಾಗಲೆಲ್ಲ ಬಣ್ಣದ ಪಟ್ಟಿಯ ಒಂದು ಫೋಟೋ ತೆಗೆಯಿರಿ. ಬಾದಾಮಿಯ ಕೆಂಪು ಕಲ್ಲು ಒಬ್ಬರ ಮಾದರಿಯಲ್ಲಿ ಇಟ್ಟಿಗೆಯ ಬಣ್ಣ, ಇನ್ನೊಬ್ಬರದರಲ್ಲಿ ಅರಿಸಿನದ ಬಣ್ಣ ಆಗಿರುವುದಕ್ಕೆ ಈ ಒಂದು ಫೋಟೋ ಇಲ್ಲದಿರುವುದೇ ಕಾರಣ.

ಬೆಳಕು ನಮ್ಮ ಕಡೆ ದೊಡ್ಡ ಸಮಸ್ಯೆ. ಬೆಳಿಗ್ಗೆ 11 ಗಂಟೆಯ ಬಿಸಿಲಿನಲ್ಲಿ ಕಪೋತದ (ಮುಂದೆ ಚಾಚಿದ ಸೂರಿನಂಥ ಪಟ್ಟಿಕೆಯ) ಮೇಲ್ಭಾಗ ಬಿಳಿಚಿ ಸುಟ್ಟಂತಾಗುತ್ತದೆ, ಅದರ ಕೆಳಗಿನ ಕೆತ್ತನೆ ಪೂರ್ತಿ ಕಪ್ಪಾಗುತ್ತದೆ. ಎರಡರಲ್ಲೂ ಮಾಹಿತಿ ಇರುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ, ಒಂದು ಗೋಡೆ ಮುಗಿಸುವಷ್ಟರಲ್ಲಿ ನೆರಳಿನ ಅಂಚು ಬೇರೆ ಕಡೆ ಹೋಗಿರುತ್ತದೆ, ಸಾಫ್ಟ್‌ವೇರ್ ಆ ಅಂಚನ್ನೇ ಕಲ್ಲಿನ ಅಂಚೆಂದು ಹಿಡಿಯುತ್ತದೆ. ಮೋಡ ಕವಿದ ದಿನ ಒಳ್ಳೆಯದು. ಆಷಾಢದಲ್ಲಿ ಮೋಡವೇನೋ ಇರುತ್ತದೆ, ಆದರೆ ಗಾಳಿಗೆ 5 ಮೀಟರಿನ ಕೋಲಿನ ತುದಿಯ ಕ್ಯಾಮೆರಾ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಸೂರ್ಯೋದಯಕ್ಕೆ ಮುಂಚಿನ ಅರ್ಧ ಗಂಟೆ, ಸೂರ್ಯಾಸ್ತದ ನಂತರದ ಅರ್ಧ ಗಂಟೆ, ಇಲ್ಲವೇ ಗೋಡೆ ಪೂರ್ತಿ ನೆರಳಿನಲ್ಲಿರುವ ಹೊತ್ತು ನೋಡಿ ಕೆಲಸ ಹಂಚಿಕೊಳ್ಳಿ: ಪೂರ್ವದ ಗೋಡೆ ಸಂಜೆ, ಪಶ್ಚಿಮದ ಗೋಡೆ ಮುಂಜಾನೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮೊಬೈಲೂ ಡ್ರೋನ್ ಬ್ಯಾಟರಿಯೂ ಕಾದು ತಾವೇ ನಿಂತುಬಿಡುತ್ತವೆ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯೊಳಗೆ ಜಾಲಂಧ್ರಗಳಿಂದ (ಕಲ್ಲಿನ ಜಾಲರಿ ಕಿಟಕಿಗಳಿಂದ) ಬರುವ ಬೆಳಕಷ್ಟೇ ಇದೆ. ಅಲ್ಲಿ ಕೈಯಲ್ಲಿ ದೀಪ ಹಿಡಿದು ಓಡಾಡಿದರೆ ಪ್ರತಿ ಫೋಟೋದಲ್ಲೂ ನೆರಳು ಬೇರೆ ಬೀಳುತ್ತದೆ. ಟ್ರೈಪಾಡ್ ಮೇಲೆ ಎರಡು ಮೂರು ಸೆಕೆಂಡಿನ ಎಕ್ಸ್‌ಪೋಷರ್, ರಿಮೋಟ್‌ನಿಂದ ಶಟರ್, ಅದೇ ದಾರಿ. ಒಂದು ಕಂಬಕ್ಕೆ ಸುತ್ತಲೂ 16 ಫೋಟೋಗಳ ಮೂರು ಸುತ್ತು, ಕಂಬದ ತಲೆಯ ಬೋದಿಗೆಗೆ ಕೆಳಗಿನಿಂದ ಎಂಟು, ಒಟ್ಟು 56. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅರ್ಚಕರ ಹತ್ತಿರ ಮೊದಲೇ ಮಾತಾಡಿ, ಪೂಜೆಯ ಹೊತ್ತು ಬಿಟ್ಟು ಕೆಲಸ ಮಾಡಬೇಕು.

ಟ್ರೈಪಾಡು, ದೀಪ, ಸ್ಕ್ಯಾನರ್ ಒಯ್ಯಲು ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿ ಬೇಕು. ಕೇಂದ್ರ ಸಂರಕ್ಷಿತವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯ ಸಂರಕ್ಷಿತವಾದರೆ ರಾಜ್ಯದ ಪುರಾತತ್ವ ಇಲಾಖೆ. ಡ್ರೋನಿಗೆ ಅದರ ಜೊತೆ 2021ರ ಡ್ರೋನ್ ನಿಯಮಗಳೂ ಅನ್ವಯಿಸುತ್ತವೆ. 250 ಗ್ರಾಂನ ಒಳಗಿದೆ, ಏನೂ ಬೇಕಿಲ್ಲ ಎಂದು ಸ್ಮಾರಕದ ಮೇಲೆ ಹಾರಿಸುವುದು ತಪ್ಪು.

ಗೋಳಗುಮ್ಮಟ: ಸ್ಕ್ಯಾನರಿನ ಕೆಲಸ

ವಿಜಯಪುರಕ್ಕೆ ಬಂದರೆ ಲೆಕ್ಕವೇ ಬೇರೆ. ಗೋಳಗುಮ್ಮಟದ ಒಳಗಿನ ಸಭಾಂಗಣ ಪ್ರತಿ ಬದಿಗೆ ಸುಮಾರು 41 ಮೀಟರಿನ ಚೌಕ, ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಹೊರವ್ಯಾಸ 44. ನೆಲದಿಂದ ಒಳನೆತ್ತಿಗೆ 50 ಮೀಟರಿಗೂ ಹೆಚ್ಚು. ಗಾರೆಯ ಸಪಾಟು ಮೇಲ್ಮೈ, ಮಬ್ಬು ಬೆಳಕು. ಫೋಟೋಗ್ರಾಮೆಟ್ರಿಗೆ ಹಿಡಿದುಕೊಳ್ಳಲು ಗುರುತುಗಳೇ ಇಲ್ಲ. ಇಲ್ಲಿ ಲೇಸರ್ ಸ್ಕ್ಯಾನರ್ ಬೇಕು. ಅದು ತನ್ನ ಸುತ್ತ ಲೇಸರ್ ಬಿಟ್ಟು ಲಕ್ಷಾಂತರ ಬಿಂದುಗಳ ದೂರ ಅಳೆಯುತ್ತದೆ, ಆ ಬಿಂದುಗಳ ರಾಶಿಗೆ ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. 10 ಮೀಟರ್ ದೂರದಲ್ಲಿ 6 ಮಿ.ಮೀ.ಗೆ ಒಂದು ಬಿಂದು ಎಂದು ಇಟ್ಟರೆ 50 ಮೀಟರ್ ಮೇಲಿನ ನೆತ್ತಿಯಲ್ಲಿ ಅದೇ 30 ಮಿ.ಮೀ. ಆಗುತ್ತದೆ. ಸಣ್ಣ ಬಿರುಕು ಆ ಬಿಂದುಗಳ ನಡುವೆಯೇ ಕಳೆದುಹೋಗುತ್ತದೆ. ಆದ್ದರಿಂದ ನೆಲದಿಂದ ಐದು ನಿಲ್ದಾಣ, ಪಿಸುಮಾತಿನ ಗ್ಯಾಲರಿಯಲ್ಲಿ ಸುತ್ತಲೂ ಎಂಟು ನಿಲ್ದಾಣ ಎಂದು ಕನಿಷ್ಠ ಲೆಕ್ಕ ಇಟ್ಟುಕೊಳ್ಳಬೇಕು.

ಇಲ್ಲಿ ಒಂದು ವಿಶಿಷ್ಟ ಅಪಾಯ ಇದೆ. ನಾಲ್ಕು ಗೋಡೆಗಳೂ ಒಂದೇ ಥರ, ನಾಲ್ಕು ಮೂಲೆಯ ಅಷ್ಟಕೋನದ ಗೋಪುರಗಳೂ ಒಂದೇ ಥರ, ಗುಮ್ಮಟವಂತೂ ಎಲ್ಲ ಕಡೆಯಿಂದಲೂ ಒಂದೇ. ಸ್ಕ್ಯಾನುಗಳನ್ನು ಆಕಾರ ನೋಡಿ ತಾನೇ ಜೋಡಿಸುವ ಸೌಲಭ್ಯಕ್ಕೆ ಬಿಟ್ಟರೆ, ಈಶಾನ್ಯದ ಸ್ಕ್ಯಾನನ್ನು 90 ಡಿಗ್ರಿ ತಿರುಗಿಸಿ ಆಗ್ನೇಯಕ್ಕೆ ಕೂಡಿಸುವ ಸಾಧ್ಯತೆ ಇದೆ. ಹಾಗಾದರೂ ತೆರೆಯ ಮೇಲೆ ತಪ್ಪಿನ ಸಂಖ್ಯೆ ಸಣ್ಣದೇ ಇರುತ್ತದೆ, ಏಕೆಂದರೆ ಆಕಾರ ನಿಜಕ್ಕೂ ಹೊಂದುತ್ತದೆ! ಇದಕ್ಕೆ ಮದ್ದು, ಪ್ರತಿ ಬದಿಯಲ್ಲೂ ಬೇರೆ ಎತ್ತರದಲ್ಲಿ, ಬೇರೆ ದೂರದಲ್ಲಿ ಇಟ್ಟ ಟಾರ್ಗೆಟ್‌ಗಳು ಮತ್ತು ಪ್ರತಿ ನಿಲ್ದಾಣವನ್ನೂ ಕೈಯಲ್ಲಿ ಬಿಡಿಸಿದ ನಕ್ಷೆಯ ಮೇಲೆ ಗುರುತಿಸಿದ ಒಂದು ಹಾಳೆ.

ಇನ್ನೊಂದು ಕಷ್ಟ ಗೋಪುರದ ಮೆಟ್ಟಿಲು. ಏಳು ಅಂತಸ್ತು, ಕಿರಿದಾದ ಸುತ್ತು ಮೆಟ್ಟಿಲು, ಒಂದು ತಿರುವಿನಿಂದ ಮುಂದಿನ ತಿರುವು ಕಾಣುವುದಿಲ್ಲ. ಪ್ರತಿ ತಿರುವಿನಲ್ಲೂ ಸ್ಕ್ಯಾನರ್ ಇಟ್ಟು ಪಕ್ಕದ ಸ್ಕ್ಯಾನಿನೊಂದಿಗೆ ಮೂರನೇ ಒಂದು ಭಾಗವಾದರೂ ಹೊಂದಿಕೆ ಇರುವಂತೆ ನೋಡಿಕೊಳ್ಳಬೇಕು. ಹಾಗೆ ಮಾಡಿದರೂ ತಪ್ಪು ಮೆಟ್ಟಿಲಿಂದ ಮೆಟ್ಟಿಲಿಗೆ ಕೂಡುತ್ತ ಹೋಗುತ್ತದೆ. ಹೊರಗಿನ ನೆಲದಿಂದಲೂ ಮೇಲಿನ ತಾರಸಿಯಿಂದಲೂ ಕಾಣುವ ಟಾರ್ಗೆಟ್‌ಗಳನ್ನು ಟೋಟಲ್ ಸ್ಟೇಷನ್‌ನಿಂದ ಅಳೆದಿದ್ದರೆ ಮಾತ್ರ ಮೇಲಿನದನ್ನು ಕೆಳಗಿನದಕ್ಕೆ ಖಚಿತವಾಗಿ ಬಿಗಿಯಬಹುದು.

ಇದರ ಮಹತ್ವ ಗೊತ್ತಾಗುವುದು ಗುಮ್ಮಟದ ದಪ್ಪ ಅಳೆಯುವಾಗ. ಬುಡದಲ್ಲಿ ಸುಮಾರು 3 ಮೀಟರ್ ದಪ್ಪದ, ಇಟ್ಟಿಗೆ ಗಾರೆಯ ಚಿಪ್ಪು ಅದು. ಅದನ್ನು ಕೊರೆದು ನೋಡುವಂತಿಲ್ಲ. ಒಳಗಿನ ಪಾಯಿಂಟ್ ಕ್ಲೌಡಿನಿಂದ ಹೊರಗಿನದಕ್ಕೆ ಇರುವ ದೂರವೇ ದಪ್ಪ. ಒಳಗಿನದೂ ಹೊರಗಿನದೂ 3 ಸೆಂಟಿಮೀಟರ್ ತಪ್ಪಾಗಿ ಕೂಡಿದ್ದರೆ ದಪ್ಪವೂ ಅಷ್ಟೇ ತಪ್ಪು. ಗುಮ್ಮಟದ ಬುಡವನ್ನು ಹೊರಗಿನಿಂದ ಕಮಲದ ಎಸಳುಗಳು ಮುಚ್ಚಿರುವುದರಿಂದ ಚಿಪ್ಪು ಏಳುವ ಜಾಗ ಹೊರಗಿನ ಸ್ಕ್ಯಾನಿಗೆ ಸಿಗುವುದೇ ಇಲ್ಲ. ಅಲ್ಲಿ ದಪ್ಪ ಇಷ್ಟು ಎಂದು ಬರೆಯದೆ, ಆ ಪಟ್ಟಿಯನ್ನು ಖಾಲಿ ಬಿಡುವುದೇ ಪ್ರಾಮಾಣಿಕತೆ.

ಕೆಲಸವನ್ನು ಪ್ರವಾಸಿಗರು ಬರುವ ಮುನ್ನ ಮುಗಿಸಬೇಕು. ಓಡಾಡುವವರು ಪಾಯಿಂಟ್ ಕ್ಲೌಡಿನಲ್ಲಿ ಗೆರೆಗೆರೆಯಾಗಿ ಉಳಿಯುತ್ತಾರೆ. ಕಂಬ, ಕಟಾಂಜನಗಳ ಅಂಚಿಗೆ ಲೇಸರ್ ಅರ್ಧ ಬಡಿದು ಅರ್ಧ ಹಿಂದಿನ ಗೋಡೆಗೆ ಹೋದಾಗ ಎರಡರ ಮಧ್ಯೆ ಗಾಳಿಯಲ್ಲಿ ಸುಳ್ಳು ಬಿಂದುಗಳು ಹುಟ್ಟುತ್ತವೆ. ಇವನ್ನು ಕ್ಲೌಡ್‌ಕಂಪೇರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆಗೆದುಹಾಕಬಹುದು.

ಒಳಗಿನ ಕಮಾನುಗಳ ಜ್ಯಾಮಿತಿಯನ್ನು ಅರಿಯಲು ಮಾತ್ರ ಸ್ಕ್ಯಾನ್ ಸಾಲದು, ಅದನ್ನು ಮತ್ತೆ ಕಟ್ಟಿ ನೋಡಬೇಕು. ಒಂದು ಚೌಕ, ಅದನ್ನೇ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ. ಇವುಗಳ ಮೇಲೆ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ, ಚೌಕದ ಸಭಾಂಗಣವನ್ನು ವೃತ್ತಕ್ಕೆ ತರುತ್ತವೆ. ಬ್ಲೆಂಡರ್ ಎಂಬ ಮೂರು ಆಯಾಮದ ಸಾಫ್ಟ್‌ವೇರಿನಲ್ಲಿ ಒಂದೇ ಕಮಾನಿನ ಮೇಲ್ಮೈ ಮಾಡಿ ಎಂಟು ಬಾರಿ ತಿರುಗಿಸಿ ಇಟ್ಟು, ಅದರ ಮೇಲೆ ಸ್ಕ್ಯಾನಿನ ಬಿಂದುಗಳನ್ನು ಹೇರಿ, ಎಲ್ಲಿ ಎಷ್ಟು ದೂರ ಸರಿದಿದೆ ಎಂಬುದನ್ನು ಬಣ್ಣದಲ್ಲಿ ತೋರಿಸಬಹುದು. ಕಟ್ಟುವವರ ಕೈಯ ಸಹಜ ವ್ಯತ್ಯಾಸ ಎಲ್ಲ ಕಡೆ ಹರಡಿರುತ್ತದೆ. ಒಂದೇ ಮೂಲೆಯ ಕಡೆಗೆ ಎಲ್ಲವೂ ಸರಿದಿದ್ದರೆ ಇಂಜಿನಿಯರುಗಳನ್ನು ಕರೆಯಬೇಕು.

ಸಂಸ್ಕರಣೆ, ಗೆರೆ ಚಿತ್ರ, ಸುಳ್ಳು ಕಲ್ಲು

ಫೋಟೋಗಳನ್ನು ಜೋಡಿಸಲು ಮೆಶ್‌ರೂಮ್, ಕೋಲ್‌ಮ್ಯಾಪ್ ಉಚಿತ. ಮೆಟಾಶೇಪ್ ದುಡ್ಡು ಕೊಟ್ಟು ಕೊಳ್ಳುವಂಥದು. ಕೆಲಸದ ಕ್ರಮ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಮಸುಕಾದ ಫೋಟೋಗಳನ್ನು ಮೊದಲು ತೆಗೆಯುವುದು, ಜೋಡಿಸುವುದು, ಟಾರ್ಗೆಟ್‌ಗಳಿಗೆ ಅಳತೆ ಕೊಡುವುದು, ಬೇರೆ ಇಟ್ಟ ಬಿಂದುಗಳಲ್ಲಿ ತಪ್ಪು ಎಷ್ಟೆಂದು ನೋಡುವುದು. ಇಲ್ಲಿ ನಿಂತು ಉಸಿರು ತೆಗೆದುಕೊಳ್ಳಿ. ತಪ್ಪು ನಿಗದಿಗಿಂತ ಜಾಸ್ತಿ ಇದ್ದರೆ ಮುಂದಿನ ಹಂತಕ್ಕೆ ಹೋಗಲೇಬೇಡಿ. ಆಮೇಲೆ ದಟ್ಟ ಪಾಯಿಂಟ್ ಕ್ಲೌಡ್, ಮೆಶ್ (ಬಿಂದುಗಳನ್ನು ತ್ರಿಕೋನಗಳಿಂದ ಕೂಡಿಸಿದ ಮೇಲ್ಮೈ), ಟೆಕ್ಸ್ಚರ್ (ಅದರ ಮೇಲೆ ಹೊದಿಸುವ ಫೋಟೋ ಬಣ್ಣ). ಸಾವಿರ ಫೋಟೋಗಳ ಕೆಲಸಕ್ಕೆ 64 ಜಿಬಿ ರಾಮ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗುಡಿಯನ್ನು ಭಾಗ ಮಾಡಿ, ಟಾರ್ಗೆಟ್‌ಗಳ ಅಳತೆಯ ಮೇಲೆ ಕೂಡಿಸಿ.

ಮೆಶ್ ಮಾಡುವಾಗ ರಂಧ್ರ ಮುಚ್ಚುವ ಆಯ್ಕೆ ತಾನಾಗಿ ಚಾಲೂ ಇರುತ್ತದೆ. ಕ್ಯಾಮೆರಾಕ್ಕೆ ಕಾಣದ ಕಪೋತದ ಮೇಲ್ಭಾಗ, ಮೂರ್ತಿಯ ಬೆನ್ನು, ಒಡೆದ ಕೈಯ ತುದಿ ಇವನ್ನೆಲ್ಲ ಅದು ನುಣುಪಾದ ಕಲ್ಲಿನಿಂದ ತುಂಬುತ್ತದೆ. ಇಲ್ಲದ ಕಲ್ಲು ದಾಖಲೆ ಸೇರುತ್ತದೆ. ದಾಖಲೆಯ ಪ್ರತಿಯಲ್ಲಿ ಈ ಆಯ್ಕೆಯನ್ನು ಬಂದ್ ಮಾಡಿ, ರಂಧ್ರ ರಂಧ್ರವಾಗಿಯೇ ಇರಲಿ.

ಪಾಯಿಂಟ್ ಕ್ಲೌಡಿನಿಂದ 2 ಸೆಂಟಿಮೀಟರ್ ದಪ್ಪದ ಹೋಳು ಕತ್ತರಿಸಿ ಅದರ ಮೇಲೆ ಗೆರೆ ಎಳೆದರೆ ಅಡ್ಡಕೊಯ್ತ ಬರುತ್ತದೆ. ಆದರೆ ಗೆರೆ ಎಳೆಯುವವರಿಗೆ ಗುಡಿಯ ಅಂಗಗಳು ಗೊತ್ತಿರಬೇಕು. ಅಧಿಷ್ಠಾನದಲ್ಲಿ ಉಪಾನ, ಜಗತಿ, ಕುಮುದ, ಕಂಠ, ಕಪೋತ ಎಂಬ ಪಟ್ಟಿಕೆಗಳು ಯಾವ ಕ್ರಮದಲ್ಲಿ ಬರುತ್ತವೆ, ಕುಮುದ ದುಂಡಗಿದೆಯೋ ಮೂಲೆಗಳಿವೆಯೋ ಎಂದು ತಿಳಿಯದವರು ಸವೆದ ಅಂಚನ್ನು ನೋಡಿ ದುಂಡಗೆ ಎಳೆದುಬಿಡುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ ಕೂತವರ ಪಕ್ಕದಲ್ಲೇ ಇರಬೇಕು ಎನ್ನುವುದು ಇದಕ್ಕೇ.

ಶಾಸನಗಳಿಗೆ ಬೇರೆಯೇ ಉಪಾಯ ಇದೆ. ಎಚ್‌ಪಿ ಲ್ಯಾಬ್ಸ್‌ನಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಷನ್ ಇಮೇಜಿಂಗ್) ಅದು. ಕ್ಯಾಮೆರಾ ಕದಲುವುದಿಲ್ಲ, ಬೆಳಕು ಮಾತ್ರ ಬೇರೆ ಬೇರೆ ದಿಕ್ಕಿನಿಂದ ಬೀಳುತ್ತದೆ. ಅಕ್ಷರಗಳ ಪಕ್ಕ ಹೊಳೆಯುವ ಎರಡು ಕಪ್ಪು ಗೋಲಿಗಳು ಇರುತ್ತವೆ. ಅವುಗಳ ಮೇಲಿನ ಹೊಳಪಿನ ಚುಕ್ಕೆಯಿಂದ ಬೆಳಕಿನ ದಿಕ್ಕು ಲೆಕ್ಕಕ್ಕೆ ಸಿಗುತ್ತದೆ. ಬೆಳಕಿನಿಂದ ಕಲ್ಲಿಗೆ ಒಂದು ದಾರ ಕಟ್ಟಿ ದೂರ ಒಂದೇ ಇಡಬೇಕು, ಶಾಸನದ ಅಗಲದ ಎರಡರಿಂದ ನಾಲ್ಕು ಪಟ್ಟು. 40ರಿಂದ 60 ಫೋಟೋ ಸಾಕು. ಆಮೇಲೆ ತೆರೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಓದಬಹುದು. ಬಾದಾಮಿಯ ತಟ್ಟುಕೋಟೆಯ ಕಪ್ಪೆ ಅರಭಟ್ಟನ ಶಾಸನ, ಐಹೊಳೆಯ ಮೇಗುತಿ ಗುಡಿಯ 634ರ ರವಿಕೀರ್ತಿಯ ಶಾಸನ ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಹಗಲಿನ ಬೆಳಕು ಅಡ್ಡಿ ಮಾಡುವುದರಿಂದ ಬಂಡೆಯ ಮೇಲಿನ ಶಾಸನಕ್ಕೆ ಮುಸ್ಸಂಜೆ ಕಳೆದ ಹೊತ್ತು ಬೇಕು, ಅದಕ್ಕೂ ಅನುಮತಿ ಬೇಕು. ಮಸಿ ಹಚ್ಚುವುದಿಲ್ಲ, ಕಾಗದ ಒತ್ತುವುದಿಲ್ಲ, ಕಲ್ಲನ್ನು ಮುಟ್ಟುವುದೇ ಇಲ್ಲ. ಇದಕ್ಕಿಂತ ದೊಡ್ಡ ಗುಣ ಇನ್ನೇನು ಬೇಕು!

ತೋರಿಸುವ ಮಾದರಿ

ಈಗ ಬಂದಿರುವ ಗೌಸಿಯನ್ ಸ್ಪ್ಲಾಟಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರಲ್ಲಿ ಬಂದ ಈ ತಂತ್ರ ವಿಜಯಪುರದ ಇಬ್ರಾಹಿಂ ರೋಜಾದ ಅಕ್ಷರಗಳನ್ನು ಕೊರೆದ ಕಲ್ಲಿನ ಜಾಲರಿಗಳಂಥದನ್ನು ಬೆರಗಾಗುವಷ್ಟು ಚೆನ್ನಾಗಿ ತೋರಿಸಬಲ್ಲದು. ಮೆಶ್‌ನಲ್ಲಿ ಅವು ಮುಚ್ಚಿಕೊಂಡು ಹಲಗೆಯಂತಾಗುತ್ತವೆ. ಆದರೆ ಸ್ಪ್ಲಾಟಿಂಗ್‌ನಲ್ಲಿರುವುದು ಬಣ್ಣದ ಮಬ್ಬು ಚುಕ್ಕೆಗಳು, ಗಟ್ಟಿ ಮೇಲ್ಮೈ ಇಲ್ಲ. ನೋಡಲು ಬಳಸಿ, ಅಳೆಯಲು ಬೇಡ.

ಬಿದ್ದ ಭಾಗಗಳನ್ನು ಕಟ್ಟಿ ತೋರಿಸುವ ವಿಷಯದಲ್ಲಿ ಪರಂಪರೆಯನ್ನು ಕಂಪ್ಯೂಟರಿನಲ್ಲಿ ತೋರಿಸುವವರಿಗೆ ನೀತಿ ಹೇಳುವ 2009ರ ಲಂಡನ್ ಚಾರ್ಟರ್ ಒಂದು ಮಾತನ್ನು ಒತ್ತಿ ಹೇಳುತ್ತದೆ: ಯಾವುದು ಸಾಕ್ಷ್ಯ, ಯಾವುದು ಊಹೆ ಎಂಬುದು ನೋಡುವವರಿಗೆ ತಿಳಿಯಬೇಕು. ದುರ್ಗ ಗುಡಿಯ ಶಿಖರ ಪೂರ್ತಿ ಉಳಿದಿಲ್ಲ, ಅದರ ಆಮಲಕ (ಶಿಖರದ ನೆತ್ತಿಯ ದುಂಡು ಕಲ್ಲು) ನೆಲದ ಮೇಲಿದೆ. ಆಮಲಕವನ್ನು ಅಳೆದು ಮಾದರಿಯಲ್ಲಿ ಮೇಲಕ್ಕೇರಿಸಬಹುದು, ಆದರೆ ಅದಕ್ಕೂ ಉಳಿದ ಶಿಖರಕ್ಕೂ ನಡುವಿನ ಭಾಗ ಊಹೆ. ಅಳೆದದ್ದಕ್ಕೆ ಕಲ್ಲಿನ ಬಣ್ಣ, ಸಮಕಾಲೀನ ಗುಡಿಗಳ ಆಧಾರದಿಂದ ಊಹಿಸಿದ್ದಕ್ಕೆ ತಿಳಿ ಬೂದು, ಆಧಾರ ಕಡಿಮೆಯಿದ್ದರೆ ಬರೀ ಗೆರೆ. ವಿಜಯಪುರದ ಬಾರಾ ಕಮಾನಿನ ಮೇಲೆ ಗುಮ್ಮಟ ಕೂರಿಸುವವರಿಗಂತೂ ಇದು ಕಡ್ಡಾಯ. ಅದು ಮುಗಿಯದೆ ನಿಂತ ಕಟ್ಟಡ ಎಂಬುದೇ ಅದರ ಚರಿತ್ರೆ.

ಕಾಪಿಡುವುದರ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಮೂಲ ಫೋಟೋ, ಇ57 ಅಥವಾ ಲಾಜ್ ರೂಪದ ಪಾಯಿಂಟ್ ಕ್ಲೌಡ್, ಪಿಎಲ್‌ವೈ ಅಥವಾ ಒಬಿಜೆ ಮೆಶ್, ಅಳತೆಗಳ ಸಾದಾ ಪಠ್ಯ ಕಡತ. ಒಂದೇ ಕಂಪನಿಯ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವ ಕಡತವನ್ನು ನಂಬಿ ಕೂರಬೇಡಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಜೊತೆಗೆ ಒಂದು ಹಾಳೆ: ಸ್ಥಳ, ದಿನಾಂಕ, ಕ್ಯಾಮೆರಾ, ಲೆನ್ಸ್, ಯಾರು ಯಾರು ಇದ್ದರು, ಯಾವ ಭಾಗ ಬಿಟ್ಟುಹೋಯಿತು.

ಸಭಿಕರ ಪ್ರಶ್ನೆಗಳು

“ಸರ, ನಮ್ಮ ಊರಾಗ ಒಂದು ಹಳೇ ಗುಡಿ ಐತ್ರಿ. ಯಾವ ಇಲಾಖೆ ಕೈಯಾಗೂ ಇಲ್ಲ. ಸ್ಕ್ಯಾನರ್ ಎಲ್ಲಿಂದ ತರೂಣ್ರಿ? ಬರೇ ಮೊಬೈಲ್ ಐತಿ.”

ಮೊಬೈಲ್ ಸಾಕ್ರಿ. ಮುಖ್ಯ ಕ್ಯಾಮೆರಾವನ್ನೇ ಬಳಸಿ, ಅಗಲ ಕೋನದ್ದೂ ಜೂಮೂ ಬೇಡ. ಪೋರ್ಟ್ರೇಟ್, ಫಿಲ್ಟರ್ ಎಲ್ಲ ಬಂದ್. ಮೋಡದ ದಿನ ಗುಡಿಯ ಸುತ್ತ ಒಂದೊಂದು ಹೆಜ್ಜೆಗೆ ಒಂದು ಫೋಟೋ, ಒಂದು ಸುತ್ತು ದೂರದಿಂದ, ಒಂದು ಸುತ್ತು ಹತ್ತಿರದಿಂದ, ಮೂಲೆಗಳಲ್ಲಿ ಮೂರು ನಾಲ್ಕು ಹೆಚ್ಚು. ಒಂದು ಮೀಟರಿನ ಕೋಲಿಗೆ ಗುರುತು ಹಾಕಿ ಎರಡು ಕಡೆ ಫೋಟೋದಲ್ಲಿ ಬರುವಂತೆ ಇಡಿ. ಸ್ಟೀಲ್ ಟೇಪಿನಲ್ಲಿ ಗುಡಿಯ ಉದ್ದ, ಅಗಲ, ಎರಡೂ ಕರ್ಣ ಅಳೆದು ಬರೆಯಿರಿ. ಕರ್ಣಗಳು ಬೇರೆ ಬೇರೆ ಬಂದರೆ ಗುಡಿ ಪೂರ್ತಿ ಚೌಕವಿಲ್ಲ ಎಂದು ಗೊತ್ತಾಗುತ್ತದೆ, ಅದೂ ಒಂದು ಮಾಹಿತಿಯೇ. ಆ ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಕುಗ್ಗಿಸಿ, ದಿನಾಂಕ ಲೆನ್ಸುಗಳ ಮಾಹಿತಿಯನ್ನೂ ಅಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವಿಗೆ ಹಾಕಿ. ಕೆಲವು ದುಬಾರಿ ಮೊಬೈಲ್‌ಗಳಲ್ಲಿ ಲೈಡಾರ್ (ಲೇಸರಿನಿಂದ ದೂರ ಅಳೆಯುವ ಸೌಲಭ್ಯ) ಇರುತ್ತದೆ. ಅದು ಸುಮಾರು 5 ಮೀಟರಿನವರೆಗೆ ಮಾತ್ರ ಹಿಡಿಯುತ್ತದೆ. ಗರ್ಭಗೃಹದ ತಲವಿನ್ಯಾಸಕ್ಕೆ ಆದೀತು, ಶಿಖರಕ್ಕೆ ಆಗುವುದಿಲ್ಲ.

“ಮುಂದಿನ ವರ್ಷ ಜೀರ್ಣೋದ್ಧಾರ ಮಾಡಬೇಕಂತ ಹಿರಿಯರು ಠರಾವು ಮಾಡ್ಯಾರ್ರಿ. ಅದಕ್ಕೂ ಮುಂಚೆ ಏನ ಮಾಡಬೇಕ್ರಿ?”

ಮೊದಲು ಆಯಿಲ್ ಪೇಂಟು, ಟೈಲ್ಸು, ಮರಳು ಊದುವ ಯಂತ್ರ ಇವುಗಳನ್ನು ಹಿರಿಯರ ಮನವೊಲಿಸಿ ತಡೆಯಿರಿ. ಆಯಿಲ್ ಪೇಂಟು ಕಲ್ಲಿನ ಉಸಿರು ಕಟ್ಟುತ್ತದೆ, ಒಳಗಿನ ತೇವ ಹೊರಬರಲಾಗದೆ ಪದರ ಏಳುತ್ತದೆ. ಮರಳು ಊದಿದರೆ ಉಳಿಯ ಗುರುತುಗಳೇ ಹೋಗುತ್ತವೆ. ಕಲ್ಲು ಬಿಚ್ಚಲೇಬೇಕಾದ ಸ್ಥಿತಿ ಇದ್ದರೆ ಬಿಚ್ಚುವ ಮುಂಚೆ ಮೇಲೆ ಹೇಳಿದ ಹಾಗೆ ಫೋಟೋ ತೆಗೆದು ಪ್ರತಿ ಗೋಡೆಯ ನೇರ ಚಿತ್ರವನ್ನು ಮುದ್ರಿಸಿಕೊಳ್ಳಿ. ಆ ಚಿತ್ರದ ಮೇಲೆ ಪ್ರತಿ ಕಲ್ಲಿಗೂ ಸಂಖ್ಯೆ ಕೊಡಿ: ಗೋಡೆ, ವರಸೆ, ಎಡದಿಂದ ಎಷ್ಟನೆಯದು. ಉತ್ತರದ ಗೋಡೆಯ ಮೂರನೇ ವರಸೆಯ ಏಳನೇ ಕಲ್ಲು ಎಂದರೆ ಉ–3–7. ಕಲ್ಲಿನ ಮೇಲೆ ಬರೆಯುವುದಾದರೆ ಜೋಡಣೆಯಾದ ಮೇಲೆ ಕಾಣದ ಬದಿಯಲ್ಲಿ ಸೀಮೆಸುಣ್ಣದಿಂದ ಬರೆದು, ಅದೇ ಸಂಖ್ಯೆಯ ತಗಡಿನ ಚೀಟಿಯನ್ನು ದಾರದಿಂದ ಕಟ್ಟಿ, ಮಳೆಗೆ ಸೀಮೆಸುಣ್ಣ ಉಳಿಯುವುದಿಲ್ಲ. ಒಂದೊಂದು ವರಸೆ ತೆಗೆದ ಮೇಲೂ ಮೇಲಿನಿಂದ ಫೋಟೋ ತೆಗೆಯಿರಿ. ಗೋಡೆಯ ಹೊಟ್ಟೆಯೊಳಗೆ ಏನು ತುಂಬಿದ್ದಾರೆ, ಕಲ್ಲುಗಳಿಗೆ ಕಬ್ಬಿಣದ ಕೊಂಡಿ ಹಾಕಿದ್ದಾರೆಯೇ, ಬೇರೆ ಗುಡಿಯ ಕೆತ್ತನೆಯ ತುಂಡುಗಳನ್ನು ಒಳಗೆ ಬಳಸಿದ್ದಾರೆಯೇ ಎಂಬುದು ಆಗ ಮಾತ್ರ ಕಾಣುತ್ತದೆ. ಅಕ್ಷರ ಇರುವ ಕಲ್ಲು ಸಿಕ್ಕರೆ ಕೆಲಸ ನಿಲ್ಲಿಸಿ, ತೊಳೆಯದೆ, ಉಜ್ಜದೆ, ಜಿಲ್ಲೆಯ ಪುರಾತತ್ವ ಅಧಿಕಾರಿಗಳಿಗೆ ತಿಳಿಸಿ.